ಆಂಬುಲೆನ್ಸ್ ಬೇಗ ಬಿಡಿಸಿದ್ದು: ನನ್ನ ಅನುಭವ

ರೋಗಿಯನ್ನು ಬೇಗ ಇಳಿಸಿಕೊಂಡು ಆಂಬುಲೆನ್ಸನ್ನು ಬಿಟ್ಟುಕೊಡುವುದು ಸರಕಾರಿ ಆಸ್ಪತ್ರೆಯಲ್ಲಿ ನಡೆಯುವ ಮಾತಲ್ಲ ಅಂದವರೇ ಈಗ ನಮ್ಮ ರಿಜಿಸ್ಟರಿನ ಫೋಟೋ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಸರಗೋಡಿನವರಿಗೆ ಗಾಡಿಯ ಬೆಲೆ ಗೊತ್ತು. 2020ರಲ್ಲಿ ಕೋವಿಡ್ ಅಂತ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಪಟ್ಟ ಪಾಡು ಯಾರು ಮರೆಯುತ್ತಾರೆ? ಒಂದು ಗಾಡಿ ಮಂಗಳೂರಿಗೆ ಹೋದರೆ ಇನ್ನೊಂದು ನಮ್ಮ ಅಂಗಳದಲ್ಲಿ ಸುಮ್ನೆ ನಿಲ್ಲುವ ಹಾಗಿಲ್ಲ.

ಇಂಗ್ಲೆಂಡಿನ ಹಾಗೆ ನಾವೂ ಗಾಡಿ ಬಂದ 15 ನಿಮಿಷದೊಳಗೆ ರೋಗಿಯನ್ನು ಒಪ್ಪಿಸಿಕೊಳ್ಳುವ ಗುರಿ ಇಟ್ಟೆವು. ಮೊದಲ ತಿಂಗಳ ಸರಾಸರಿ ಸುಮಾರು 14. ಎಲ್ಲರಿಗೂ ಖುಷಿ. ಆದರೆ ಗಾಡಿ ಮಾತ್ರ ಅಲ್ಲೇ ನಿಂತಿರುತ್ತಿತ್ತು! ರಿಜಿಸ್ಟರ್ ತಿರುವಿದರೆ 10, 15, 15, 10. ಒಂದೇ ಪೆನ್ನು, ಒಂದೇ ಅಕ್ಷರ. ಶಿಫ್ಟ್ ಮುಗಿಯುವಾಗ ಒಟ್ಟಿಗೆ ತುಂಬಿಸಿದ್ದು.

ಆಮೇಲೆ ಬರೆಯುವ ಕೈ ಬದಲಿಸಿದೆವು. ಬಂದ ಸಮಯ ಸೆಕ್ಯೂರಿಟಿ ಬರೆಯಬೇಕು. ರೋಗಿ ನಮ್ಮ ಟ್ರಾಲಿಗೆ ಬಂದು, ಸಿಸ್ಟರ್ ವಿವರ ಕೇಳಿಕೊಂಡ ಮೇಲೆ ಇಎಂಟಿ (ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವವರು) ಸಮಯ ಬರೆದು ಸಹಿ ಹಾಕಬೇಕು. ಇಬ್ಬರೂ ನೋಡಬೇಕಾದದ್ದು ಕ್ಯಾಶುವಾಲ್ಟಿ (ತುರ್ತು ವಿಭಾಗ) ಬಾಗಿಲ ಗಡಿಯಾರ, ಮೊಬೈಲ್ ಅಲ್ಲ. ಗಡಿಯಾರಕ್ಕೆ ಸುಮಾರು 400 ರೂಪಾಯಿ. ಆಗ ನಿಜ ಹೊರಬಿತ್ತು: ಹತ್ತು ಗಾಡಿಯಲ್ಲಿ ಮೂರ್ನಾಲ್ಕು ಅರ್ಧ ಗಂಟೆ ದಾಟುತ್ತಿತ್ತು.

ಡಾಕ್ಟರ್ ಇಲ್ಲದ್ದಕ್ಕೆ ತಡ ಅಂತ ಎಲ್ಲರೂ ಅಂದುಕೊಂಡಿದ್ದರು. ಅಲ್ಲ. "ಸಿಸ್ಟರೇ, ನಮ್ಮ ಸ್ಟ್ರೆಚರ್ ಕೊಡಿ, ಇನ್ನೊಂದು ಕಾಲ್ ಬಂದಿದೆ" ಅಂತ ಡ್ರೈವರ್ ದಿನಾ ಕೇಳುತ್ತಿದ್ದ. ರೋಗಿಯನ್ನು ಇಳಿಸಲು ನಮ್ಮಲ್ಲಿ ಟ್ರಾಲಿ ಇರಲಿಲ್ಲ, ಹಾಗಾಗಿ ಗಾಡಿಯ ಸ್ಟ್ರೆಚರಿನಲ್ಲೇ ಮಲಗಿಸಿರುತ್ತಿದ್ದೆವು. ಚಕ್ರ ಮುರಿದ ಎರಡು ಟ್ರಾಲಿ ಎಕ್ಸ್‌ರೇ ಕೋಣೆಯ ಹಿಂದೆ ಬಿದ್ದಿದ್ದವು. ಹೊಸದಕ್ಕೆ ದುಡ್ಡೂ ಜಾಸ್ತಿ, ಜೊತೆಗೆ ಫೈಲು ಓಡಾಟ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಎರಡಕ್ಕೂ ಚಕ್ರ ಹಾಕಿಸಿದೆ. ಎಲ್ಲ ಸೇರಿ 3,500ರ ಹತ್ತಿರ.

ಸರಾಸರಿಯನ್ನು ಕೈಬಿಟ್ಟೆವು. ಒಂದು ಗಂಟೆ ಕಾದ ರೋಗಿ ಅದರೊಳಗೆ ಕಾಣುವುದೇ ಇಲ್ಲ. ಈಗಿನ ಗುರಿ: ಹತ್ತರಲ್ಲಿ ಒಂಬತ್ತು 20 ನಿಮಿಷದೊಳಗೆ, ಯಾವುದೂ 45 ದಾಟಬಾರದು. 30 ಆದ ತಕ್ಷಣ ಡ್ಯೂಟಿ ಡಾಕ್ಟರಿಗೆ ಫೋನ್. ಸೋಮವಾರ ಅತಿ ತಡವಾದ ಒಂದೇ ಕೇಸ್ ತೆಗೆದು ಮಾತಾಡುತ್ತೇವೆ. ಯಾರ ಹೆಸರೂ ಎತ್ತುವುದಿಲ್ಲ, ಎಲ್ಲಿ ಸಿಕ್ಕಿಬಿತ್ತು ಅಂತ ಮಾತ್ರ.

ನಡುವೆ ವಾಟ್ಸಾಪ್ ಗುಂಪು ಮಾಡಿ, ಗಾಡಿ ಹೊರಟಾಗಲೇ ಮೆಸೇಜ್ ಹಾಕಿಸಿ ನೋಡಿದೆ. ರಾತ್ರಿ ಯಾರೂ ನೋಡುತ್ತಿರಲಿಲ್ಲ. ಕ್ಯಾಶುವಾಲ್ಟಿ ಫೋನಿಗೆ ರಿಂಗ್ ಮಾಡುವುದೇ ವಾಸಿ.

ಈಗ ಹೆಚ್ಚಿನ ವಾರ ಗುರಿ ಮುಟ್ಟುತ್ತೇವೆ. ಭಾನುವಾರ ಸಂಜೆ ಮಾತ್ರ ಕೈಕೊಡುತ್ತದೆ, ಎಕ್ಸ್‌ರೇಗೆ ಹೋದ ಟ್ರಾಲಿ ಬೇಗ ವಾಪಸ್ ಬರುವುದಿಲ್ಲ. ಇನ್ನೊಂದು ಟ್ರಾಲಿಗೆ ಅರ್ಜಿ ಕೊಟ್ಟಿದ್ದೇನೆ.