ಹತ್ತು ನಿಮಿಷದಲ್ಲಿ ಸರಿಹೋದ ಕೈಯನ್ನು ಹತ್ತು ವರ್ಷ ಕಾಯಬೇಕು

ಅಡಿಕೆ ಲೆಕ್ಕ ಬರೆಯುತ್ತಿದ್ದ ಅಪ್ಪನ ಕೈಯಿಂದ ಪೆನ್ನು ಜಾರಿತು. ಎತ್ತಿಕೊಳ್ಳಲು ಬೆರಳು ಕೂಡಲಿಲ್ಲ, ಮಾತು ತೊದಲಿತು. ಹತ್ತೇ ನಿಮಿಷ, ಎಲ್ಲ ಮೊದಲಿನಂತೆ. ಆದರೂ ಅಂದೇ ಶಿರಸಿಯಿಂದ ಹುಬ್ಬಳ್ಳಿಗೆ ಕರೆದೊಯ್ದೆವು. ಮೆದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ತಡೆದು ಮತ್ತೆ ಹರಿಯುವ ಮಿನಿ ಸ್ಟ್ರೋಕ್ ಎಂದರು ವೈದ್ಯರು.

ಪಾರ್ಶ್ವವಾಯು ಬಡಿದೀತೆಂದು ಮೊದಲ ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದೆವು. ಮೂರು ತಿಂಗಳು ಕಳೆದ ಮೇಲೆ ಗೆದ್ದೆವೆಂದುಕೊಂಡದ್ದೇ ತಪ್ಪು. 2025ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 38 ಅಧ್ಯಯನಗಳ 1,71,068 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿತು. ಮಿನಿ ಸ್ಟ್ರೋಕ್ ಅಥವಾ ಸಣ್ಣ ಪಾರ್ಶ್ವವಾಯು ಆದವರಲ್ಲಿ ಮೊದಲ ವರ್ಷ ನೂರಕ್ಕೆ ಸುಮಾರು 6 ಮಂದಿಗೆ, ಐದು ವರ್ಷದೊಳಗೆ 13 ಮಂದಿಗೆ, ಹತ್ತು ವರ್ಷದೊಳಗೆ 20 ಮಂದಿಗೆ ಪಾರ್ಶ್ವವಾಯು ಬಡಿದಿತ್ತು.

ಮಾತ್ರೆ ಎಣಿಸಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಎರಡು ಮಾತ್ರೆಗಳನ್ನು ವೈದ್ಯರು ಮೂರು ವಾರದ ನಂತರ ಒಂದಕ್ಕಿಳಿಸಿದರು. ಇನ್ನು ಸಾಕೆಂದುಕೊಂಡ ಅಪ್ಪ ಎಂಟನೇ ತಿಂಗಳಲ್ಲಿ ಅದನ್ನೂ ಬಿಟ್ಟಿದ್ದ. ಕಪಾಟಿನಲ್ಲಿ ಒಡೆಯದ ಮಾತ್ರೆ ಪಟ್ಟಿಗಳನ್ನು ಕಂಡು ಆಯಿ ಅತ್ತುಬಿಟ್ಟಳು. ಕೊಲೆಸ್ಟರಾಲ್ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಬಿಪಿ ಮನೆಯಲ್ಲೇ ನೋಡಿ, ಆದರೆ ಸರಿಯಾಗಿ ನೋಡಿ. ಚಹಾ, ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ, ಮೂತ್ರಕ್ಕೆ ಹೋಗಿಬರಲಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿಸಿ. ಬಿಪಿ ಯಂತ್ರದ ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತಬೇಡಿ. ಬರಿಯ ತೋಳಿಗೇ ಸುತ್ತಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ಒಮ್ಮೆ. ನಮಗೆ ವೈದ್ಯರು ಹೇಳಿದ ಗುರಿ 130/80ರ ಒಳಗೆ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲೇ ಅಪ್ಪ ಈಗ ತಾನೇ ಬರೆಯುತ್ತಾನೆ.

ನಾಡಿ ಹಿಡಿದಾಗ ಬಡಿತ ಏರುಪೇರಾಗಿ ಕಂಡರೆ ಇಸಿಜಿ ಮಾಡಿಸಿ. ಹೃದಯದ ಲಯ ತಪ್ಪಿದ್ದರೆ ಬೇರೆ ಔಷಧ ಬೇಕಾಗುತ್ತದೆ.

ಉಪ್ಪು ಹೆಚ್ಚೆಂದು ಮಿಡಿ ಉಪ್ಪಿನಕಾಯಿ ಊಟದ ಎಲೆಯಿಂದ ಹೊರಟಿತು. ಕವಳದ (ಎಲೆಯಡಿಕೆಯ) ಹೊಗೆಸೊಪ್ಪು ಬಿಡಿಸಲು ಒಂದೂವರೆ ವರ್ಷ ಹಿಡಿಯಿತು, ಬಿಟ್ಟ.

ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಮತ್ತೆ ಕಂಡರೆ, ಸರಿಹೋಗುತ್ತದೆಯೇ ಎಂದು ನೋಡುತ್ತ ಕೂರಬೇಡಿ. ಕೊನೆಯ ಬಾರಿ ಚೆನ್ನಾಗಿದ್ದ ಹೊತ್ತನ್ನು ಬರೆದುಕೊಂಡು 108ಕ್ಕೆ ಕರೆ ಮಾಡಿ. ದಾರಿಯಲ್ಲಿ ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಆ ಬರೆದುಕೊಂಡ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ನಮ್ಮ ಮನೆಯಿಂದ ಹುಬ್ಬಳ್ಳಿಗೇ ಎರಡೂವರೆ ಗಂಟೆ. ನಿಮಗೆ ಹತ್ತಿರದಲ್ಲಿ ಇವೆರಡೂ ರಾತ್ರಿಯೂ ಸಿಗುವ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.