ಪರಿಸರ ವಿಜ್ಞಾನದ ಎಂ.ಎಸ್ಸಿ.: ಎರಡು ವರ್ಷದ ಓದನ್ನು ಯೋಜಿಸುವುದು ಹೇಗೆ?

ಪರಿಸರ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಸೇರಿದವರಲ್ಲಿ ಹೆಚ್ಚಿನವರು ಸಿಲಬಸ್ಸನ್ನು ಮೊದಲ ಪುಟದಿಂದ ಓದುತ್ತಾರೆ. ಅದನ್ನು ಕೊನೆಯ ಪುಟದಿಂದ ಓದಬೇಕೆಂಬುದು ನನ್ನ ಸಲಹೆ. ಕೊನೆಯ ಪುಟದಲ್ಲಿರುವುದು ನಾಲ್ಕನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಅದಕ್ಕೆ ಪಠ್ಯಕ್ರಮ ಕೊಡುವ ಕಾಲ ನಾಲ್ಕು ತಿಂಗಳು. ಆದರೆ ಕೆರೆ, ಕೊಳವೆಬಾವಿ, ಕಾಡು, ಗಾಳಿ ಇವು ಯಾವುವೂ ನಾಲ್ಕು ತಿಂಗಳಲ್ಲಿ ತಮ್ಮ ಸ್ವಭಾವವನ್ನು ಪೂರ್ತಿಯಾಗಿ ತೋರಿಸುವುದಿಲ್ಲ. ರಸಾಯನ ವಿಜ್ಞಾನದ ವಿದ್ಯಾರ್ಥಿ ಬೇಕಾದ ದಿನ ಪ್ರಯೋಗವನ್ನು ಮತ್ತೆ ಮಾಡಬಹುದು. ನಮ್ಮ ವಿದ್ಯಾರ್ಥಿಗೆ ಜೂನ್ ತಿಂಗಳ ಮೊದಲ ಮಳೆಯ ನೀರು ತಪ್ಪಿಹೋದರೆ ಇನ್ನೊಂದು ಜೂನ್ ಬರುವವರೆಗೆ ಅದು ಸಿಗದು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆನಕ್ಷತ್ರಗಳನ್ನು ಲೆಕ್ಕ ಹಾಕಿ ಬಿತ್ತನೆಗೆ ಸಿದ್ಧವಾಗುವ ರೈತನ ಕ್ರಮ ಈ ವಿಷಯದ ಓದಿಗೂ ಸರಿಹೊಂದುತ್ತದೆ. ಆದ್ದರಿಂದ ಯೋಜನೆಯನ್ನು ಋತುಗಳಿಂದ ಆರಂಭಿಸಿ, ಆಮೇಲೆ ಪತ್ರಿಕೆಗಳಿಗೆ ಬರುವುದು ಒಳ್ಳೆಯದು.

ಇನ್ನೂ ಪದವಿ ತರಗತಿಯಲ್ಲಿರುವವರಿಗೆ ಮೊದಲು ಒಂದೆರಡು ಮಾತು. ಎಲ್ಲ ಪದವಿಗಳಲ್ಲೂ ಕಡ್ಡಾಯವಾಗಿರುವ ಪರಿಸರ ಅಧ್ಯಯನ ಪತ್ರಿಕೆಯೇ ಬೇರೆ, ಪರಿಸರ ವಿಜ್ಞಾನವೇ ಬೇರೆ. ಮೊದಲನೆಯದು ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಕೊಟ್ಟ ನಿರ್ದೇಶನದ ಫಲವಾಗಿ ಬಂದ ಅರಿವಿನ ಪಾಠ. ಅದರಲ್ಲಿ ಹೆಚ್ಚು ಅಂಕ ಬಂದುದನ್ನು ಸ್ನಾತಕೋತ್ತರ ಓದಿಗೆ ತಯಾರಿಯೆಂದು ಭಾವಿಸಬಾರದು. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ, ಯಾವ ಮೂರು ವಿಷಯಗಳನ್ನು ಜೊತೆಗೂಡಿಸಿಕೊಳ್ಳಬೇಕೆಂಬ ಹಳೆಯ ಪ್ರಶ್ನೆಗೆ ಮತ್ತೆ ತೂಕ ಬಂದಿದೆ. ಪರಿಸರ ವಿಜ್ಞಾನದೊಂದಿಗೆ ರಸಾಯನ ವಿಜ್ಞಾನವನ್ನು ಓದುವುದು ಎಲ್ಲಕ್ಕಿಂತ ಸುರಕ್ಷಿತ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನಗಳಲ್ಲಿ ಒಂದನ್ನು ರುಚಿಗೆ ತಕ್ಕಂತೆ ಆಯ್ದುಕೊಳ್ಳಬಹುದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ ವಿಜ್ಞಾನ, ಸಸ್ಯಶಾಸ್ತ್ರ, ರಸಾಯನ ವಿಜ್ಞಾನ, ಭೂವಿಜ್ಞಾನ, ಗಣಿತ, ಭೌತ ವಿಜ್ಞಾನ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಈ ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ. ಕಾಡಿನ ಮೇಲಿನ ಪ್ರೀತಿಯಿಂದಲೇ ಈ ವಿಷಯಕ್ಕೆ ಬಂದವರಿಗೆ ಇದು ಅಂತಿಮ ವರ್ಷದಲ್ಲಿ ತಿಳಿದರೆ ಆಗುವ ನಿರಾಸೆ ಸಣ್ಣದಲ್ಲ.

ಸ್ನಾತಕೋತ್ತರ ಹಂತದಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ನಿಮ್ಮ ಓದಿನ ಬೆನ್ನೆಲುಬು ಯಾವುದೆಂಬುದನ್ನು. ಪರಿಸರ ವಿಜ್ಞಾನವೆಂಬುದು ಒಂದೇ ವಿಜ್ಞಾನವಲ್ಲ. ರಸಾಯನ ವಿಜ್ಞಾನ, ಜೀವಿಪರಿಸರ ಶಾಸ್ತ್ರ, ಭೂವಿಜ್ಞಾನ, ಹವಾಮಾನ, ಸೂಕ್ಷ್ಮಜೀವಿ ಶಾಸ್ತ್ರ, ಕಾನೂನು ಇವೆಲ್ಲ ಒಂದೇ ಚಪ್ಪರದಡಿ ಸೇರಿವೆ. ಎಲ್ಲವನ್ನೂ ಸಮಸಮವಾಗಿ ಓದಿದವರು ಸಂದರ್ಶನದಲ್ಲಿ ಯಾವ ಪ್ರಶ್ನೆಗೂ ಎರಡನೆಯ ವಾಕ್ಯದಿಂದಾಚೆಗೆ ಉತ್ತರಿಸಲಾಗದೆ ನಿಲ್ಲುವುದುಂಟು. ನೀರು, ಗಾಳಿ, ಜೀವವೈವಿಧ್ಯ, ದೂರಸಂವೇದಿ (ಉಪಗ್ರಹ ಚಿತ್ರಗಳಿಂದ ನೆಲವನ್ನು ಅರಿಯುವ ವಿದ್ಯೆ) ಇವುಗಳಲ್ಲಿ ಒಂದನ್ನು ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಆರಿಸಿಕೊಂಡು, ಐಚ್ಛಿಕ ಪತ್ರಿಕೆಗಳನ್ನೂ ಪ್ರಾಜೆಕ್ಟನ್ನೂ ಅದರ ಸುತ್ತ ಹೆಣೆಯಬೇಕು. ಆಯ್ಕೆ ತಪ್ಪಾದರೆ ಬದಲಾಯಿಸಬಹುದು. ಆಯ್ಕೆಯನ್ನೇ ಮಾಡದಿರುವುದು ಹೆಚ್ಚು ದುಬಾರಿ.

ಪತ್ರಿಕೆಗಳ ಅನುಕ್ರಮದಲ್ಲಿ ಒಂದೇ ಒಂದು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ: ಸಂಖ್ಯಾಶಾಸ್ತ್ರವನ್ನು ಮಾದರಿ ಸಂಗ್ರಹಕ್ಕೆ ಮೊದಲೇ ಓದಬೇಕು. ಮೂರನೆಯ ಸೆಮಿಸ್ಟರಿನಲ್ಲಿ ಆ ಪತ್ರಿಕೆಯನ್ನು ಇಟ್ಟಿರುವ ವಿಭಾಗಗಳಿದ್ದರೆ, ಅಲ್ಲಿಯ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಅದನ್ನು ಸ್ವಂತವಾಗಿ ಓದಿಕೊಳ್ಳಬೇಕಾಗುತ್ತದೆ. ಕೆರೆಯ ಎಷ್ಟು ಕಡೆಗಳಿಂದ ನೀರು ತರಬೇಕು, ಒಂದೊಂದು ಕಡೆಯೂ ಎಷ್ಟು ಬಾಟಲಿ ತುಂಬಬೇಕು, ಎರಡು ಕೆರೆಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂಬ ಪ್ರಶ್ನೆಗಳಿಗೆ ಉತ್ತರ ಕೆರೆಗೆ ಹೋಗುವ ಮೊದಲೇ ಗೊತ್ತಿರಬೇಕು. ದತ್ತಾಂಶವನ್ನೆಲ್ಲ ಒಟ್ಟುಗೂಡಿಸಿದ ಮೇಲೆ ಸಂಖ್ಯಾಶಾಸ್ತ್ರದ ಅಧ್ಯಾಪಕರ ಬಳಿ ಹೋದರೆ, ಅವರು ಹೆಚ್ಚೆಂದರೆ ನಿಮ್ಮ ಅಧ್ಯಯನ ಎಲ್ಲಿ ಸೋತಿತೆಂಬುದನ್ನು ಹೇಳಬಲ್ಲರು. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ತಂತ್ರಾಂಶವೂ ನಕ್ಷೆ ಕೆಲಸದ ಕ್ಯೂಜಿಐಎಸ್ ತಂತ್ರಾಂಶವೂ ಉಚಿತವಾಗಿರುವುದರಿಂದ ಹಣದ ನೆಪ ಇಲ್ಲಿ ನಡೆಯುವುದಿಲ್ಲ. ಪರಿಸರ ರಸಾಯನ ವಿಜ್ಞಾನವೂ ಮೊದಲ ವರ್ಷದಲ್ಲೇ ಮುಗಿಯಬೇಕು. ಒಂದು ಯೋಜನೆಯಿಂದ ಪರಿಸರಕ್ಕೆ ಏನಾದೀತೆಂದು ಮೊದಲೇ ಲೆಕ್ಕ ಹಾಕುವ ಪರಿಸರ ಪರಿಣಾಮ ಅಂದಾಜಿನ ಪತ್ರಿಕೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಸರಿ, ಏಕೆಂದರೆ 2006ರ ಅಧಿಸೂಚನೆಯಡಿ ತಯಾರಾಗುವ ಒಂದು ವರದಿಯನ್ನು ಅರ್ಥಮಾಡಿಕೊಳ್ಳಲು ನೀರು, ಗಾಳಿ, ಮಣ್ಣು, ಜೀವಿಗಳು, ಜನಜೀವನ ಎಲ್ಲದರ ಪರಿಚಯವೂ ಬೇಕಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1974ರ ಜಲ ಕಾಯಿದೆ, 1981ರ ವಾಯು ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ ಇವುಗಳನ್ನು ಮಾತ್ರ ಯಾವಾಗ ಬೇಕಾದರೂ ಓದಬಹುದು.

ಇನ್ನು ಋತುಗಳ ಲೆಕ್ಕ. ಒಂದು ದೊಡ್ಡ ಹಾಳೆಯಲ್ಲಿ ಎರಡು ವರ್ಷದ ಇಪ್ಪತ್ತನಾಲ್ಕು ತಿಂಗಳುಗಳನ್ನು ಬರೆದುಕೊಂಡು, ವಿಶ್ವವಿದ್ಯಾಲಯದ ವೇಳಾಪಟ್ಟಿಗೂ ಮುಂಚೆ ಮಳೆಗಾಲವನ್ನು ಗುರುತಿಸಬೇಕು. ಅಂತರ್ಜಲವನ್ನು ಆರಿಸಿಕೊಂಡವರಿಗೆ ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಾದರಿಯೂ ಮಳೆ ನಿಂತ ನಂತರದ ಮಾದರಿಯೂ ಎರಡೂ ಬೇಕು. ಕೋಲಾರ ಅಥವಾ ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಳೆಯುವವರು ಒಂದು ಬೇಸಿಗೆಯ ಅಂಕಿಗಳನ್ನಷ್ಟೇ ಇಟ್ಟುಕೊಂಡು, ಕುಡಿಯುವ ನೀರಿನ ಭಾರತೀಯ ಮಾನಕ ಹೇಳುವ ಲೀಟರಿಗೆ 1 ಮಿಲಿಗ್ರಾಂ ಎಂಬ ಸ್ವೀಕಾರಾರ್ಹ ಮಿತಿಯೊಂದಿಗೂ ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ 1.5 ಮಿಲಿಗ್ರಾಂ ಮಿತಿಯೊಂದಿಗೂ ಹೋಲಿಸಿದರೆ, ಆ ಬೇಸಿಗೆಯ ಸ್ಥಿತಿಯನ್ನು ಹೇಳಿದಂತಾಯಿತೇ ಹೊರತು ಬಾವಿಯ ಸ್ವಭಾವವನ್ನು ಹೇಳಿದಂತಾಗಲಿಲ್ಲ. ಗಾಳಿಯನ್ನು ಅಳೆಯುವವರಿಗೆ ಇದಕ್ಕೆ ವಿರುದ್ಧವಾದ ತೊಡಕು: ಮಳೆಗಾಲದಲ್ಲಿ ಧೂಳು ತೊಳೆದುಹೋಗಿ ಅಂಕಿಗಳು ಇಳಿದಿರುತ್ತವೆ, ಚಳಿಗಾಲದ ಬೆಳಗುಗಳಲ್ಲಿ ತಂಪು ಗಾಳಿ ನೆಲಕ್ಕೆ ಅಂಟಿಕೊಂಡು ಏರಿರುತ್ತವೆ. ಪಿಎಂ 2.5 ಎಂಬ ಅತಿಸೂಕ್ಷ್ಮ ಧೂಳಿನ ಕಣಗಳಿಗೆ 24 ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ ಎಂದು 2009ರಲ್ಲಿ ನಿಗದಿಯಾದ ಮಿತಿಯನ್ನು ಜುಲೈ ತಿಂಗಳಲ್ಲಿ ಪರೀಕ್ಷಿಸಿ ಊರಿನ ಗಾಳಿ ಶುದ್ಧವೆಂದು ಬರೆದರೆ ವೈವಾದಲ್ಲಿ ನಗೆಗೀಡಾಗುವುದು ಖಚಿತ.

ಜೀವಿಗಳನ್ನು ನೋಡಹೊರಟವರ ಪಂಚಾಂಗ ಇನ್ನೂ ಬಿಗಿಯಾದದ್ದು. ಪಶ್ಚಿಮ ಘಟ್ಟದ ಕಪ್ಪೆಗಳಿಗೆ ಜೂನ್-ಜುಲೈ ರಾತ್ರಿಗಳೇ ಬೇಕು, ಮತ್ತು ಅದೇ ಹೊತ್ತಿಗೆ ಪರೀಕ್ಷೆಗಳು ಬಂದು ಬೀಳುವುದೂ ಉಂಟು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆದ ಮೇಲೆ ಕಾದು ಕುಳಿತಿರುವುದಿಲ್ಲ. ಹುಲ್ಲುಗಳನ್ನು ಗುರುತಿಸಬೇಕಾದವರು ಮಳೆ ಮುಗಿಯುವ ಹೊತ್ತಿಗೆ, ಹೂತೆನೆ ಇರುವಾಗಲೇ ಹೋಗಬೇಕು. ಒಣಗಿದ ಹುಲ್ಲಿಗೆ ಹೆಸರು ಹೇಳುವುದು ಅನುಭವಿಗಳಿಗೂ ಕಷ್ಟ. ಉಪಗ್ರಹ ಚಿತ್ರಗಳನ್ನು ಬಳಸುವವರು ತಾವು ಋತುವಿನ ಹಂಗಿಲ್ಲದವರೆಂದು ಭಾವಿಸುವುದುಂಟು. ಸೆಂಟಿನೆಲ್-2 ಉಪಗ್ರಹಗಳು ಹತ್ತು ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಸುಮಾರು ಐದು ದಿನಗಳಿಗೊಮ್ಮೆ ಉಚಿತವಾಗಿ ಕೊಡುತ್ತವೆಂಬುದು ನಿಜ, ಆದರೆ ಮಲೆನಾಡಿನ ಮೇಲೆ ಆಷಾಢ-ಶ್ರಾವಣಗಳಲ್ಲಿ ಅವುಗಳ ಕಣ್ಣಿಗೆ ಬೀಳುವುದು ಬರಿಯ ಮೋಡ. ಹಾಗಾಗಿ ನೆಲಬಳಕೆಯ ನಕ್ಷೆಗೆ ಡಿಸೆಂಬರಿನಿಂದ ಫೆಬ್ರವರಿವರೆಗಿನ ಚಿತ್ರಗಳೇ ಅನುಕೂಲ, ಮತ್ತು ಬೇಸಿಗೆಯಲ್ಲೇ ಮುಗಿಯಬೇಕಾದ ಪ್ರಾಜೆಕ್ಟ್‌ಗೆ ಈ ಕ್ಷೇತ್ರ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ.

ಇದೆಲ್ಲದರ ಫಲಿತಾರ್ಥವೇನೆಂದರೆ, ಪ್ರಾಜೆಕ್ಟ್ ನಾಲ್ಕನೆಯ ಸೆಮಿಸ್ಟರಿನದಾದರೂ ಮಾದರಿ ಸಂಗ್ರಹ ಎರಡನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆರಂಭವಾಗಬೇಕು. ಅದಕ್ಕಾಗಿ ಮಾರ್ಗದರ್ಶಕರನ್ನು ಮೊದಲ ವರ್ಷದಲ್ಲೇ ಕೇಳಿಕೊಳ್ಳಬೇಕು. ವಿಭಾಗದ ಅಧಿಕೃತ ಹಂಚಿಕೆ ತಡವಾಗಿ ಆಗುವಲ್ಲಿ, ಯಾರು ಗೈಡ್ ಆದರೂ ಉಪಯೋಗಕ್ಕೆ ಬರುವಂಥ ಸರಳ ಅಳತೆಗಳನ್ನು, ಅಂದರೆ ನೀರಿನ ಉಷ್ಣತೆ, ಪಿಎಚ್, ವಿದ್ಯುದ್ವಾಹಕತೆ, ಬಾವಿಯ ನೀರಿನ ಮಟ್ಟ ಇಂಥವನ್ನು ತಿಂಗಳಿಗೊಮ್ಮೆ ಬರೆದಿಡಬಹುದು. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಕೆಲಸ ಮಾಡಬೇಕೆಂದಿರುವವರು ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಪಡೆಯಬೇಕಾಗುತ್ತದೆ, ಮತ್ತು ಅದು ತಿಂಗಳುಗಟ್ಟಲೆ ಹಿಡಿಯಬಹುದು. ಎರಡು ವರ್ಷದ ಪದವಿಗೆ ಆ ಕಾಯುವಿಕೆ ಹೊಂದುವುದಿಲ್ಲವೆಂದು ನನಗನ್ನಿಸುತ್ತದೆ. ಊರಿನ ಗೋಮಾಳ, ದೇವರಕಾಡು, ಕೆರೆಯಂಗಳಗಳಲ್ಲಿ ನೋಡದೆ ಬಿಟ್ಟದ್ದು ಬೇಕಾದಷ್ಟಿದೆ.

ಋತುವಿನ ನಂತರ ವಾರದ ಲೆಕ್ಕ. ಜೈವಿಕ ಆಮ್ಲಜನಕ ಬೇಡಿಕೆಯನ್ನು, ಅಂದರೆ ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ, ಎಲ್ಲರೂ ಬಿಒಡಿ ಎನ್ನುವ ಅಳತೆಯನ್ನು, ನಮ್ಮಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಟ್ಟು ನೋಡುವುದು ರೂಢಿ. ಸೋಮವಾರ ಇನ್‌ಕ್ಯುಬೇಟರಿನಲ್ಲಿಟ್ಟ ಬಾಟಲಿ ಗುರುವಾರ ಸಿದ್ಧ. ಗುರುವಾರ ಇಟ್ಟದ್ದು ಭಾನುವಾರ, ಅಂದರೆ ಪ್ರಯೋಗಾಲಯಕ್ಕೆ ಬೀಗ ಬಿದ್ದಿರುವ ದಿನ. ಐದು ದಿನ 20 ಡಿಗ್ರಿಯ ಹಳೆಯ ಪದ್ಧತಿಯನ್ನು ಹಿಡಿದರೆ ಸೋಮವಾರದ ಬಾಟಲಿ ಶನಿವಾರಕ್ಕೆ ಬರುತ್ತದೆ. ಕರಗಿದ ಆಮ್ಲಜನಕದ ಬಾಟಲಿಗೆ ಕೆರೆಯ ದಡದಲ್ಲೇ ರಾಸಾಯನಿಕ ಹಾಕಿ ಸ್ಥಿರಗೊಳಿಸಬೇಕು. ಲೋಹಗಳ ಮಾದರಿಗೆ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸಬೇಕು. ನೀರಿನ ಮಾಲಿನ್ಯವನ್ನು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಪರೀಕ್ಷೆಗೆ ಎರಡು ದಿನ ಕಾಯಬೇಕಾಗುತ್ತದೆ. ಆದ್ದರಿಂದ ಕ್ಷೇತ್ರಕ್ಕೆ ಹೋಗುವ ದಿನವನ್ನು ಭಾನುವಾರವೋ ಸೋಮವಾರವೋ ಇಟ್ಟುಕೊಂಡು, ಆ ವಾರದ ಮಧ್ಯದಲ್ಲಿ ಆಂತರಿಕ ಪರೀಕ್ಷೆಯಾಗಲಿ ಹಬ್ಬದ ರಜೆಯಾಗಲಿ ಇಲ್ಲದಂತೆ ನೋಡಿಕೊಳ್ಳಬೇಕು. ದಸರೆಯ ಹಿಂದಿನ ದಿನ ಇಟ್ಟು ಮರೆತ ಬಾಟಲಿಗಳನ್ನು ನಾನು ಸ್ವತಃ ತೊಳೆದಿದ್ದೇನೆ. ಕೆರೆಯ ಆಮ್ಲಜನಕ ಅತ್ಯಂತ ಕಡಿಮೆ ಇರುವುದು ಬೆಳಗಾಗುವ ಮುನ್ನ. ಹನ್ನೊಂದು ಗಂಟೆಯ ಬಸ್ಸಿಗೆ ಹೋಗಿ ಅಳೆದವರಿಗೆ ಪಾಚಿ ತುಂಬಿದ ಕೆರೆಯೂ ಆರೋಗ್ಯವಂತವಾಗಿಯೇ ಕಾಣುತ್ತದೆ.

ಕ್ರೆಡಿಟ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆಯ ಪ್ರಾಯೋಗಿಕಕ್ಕೆ ಒಂದು ಕ್ರೆಡಿಟ್ ಎಂಬ ಲೆಕ್ಕದಲ್ಲಿ, ಹನ್ನೆರಡು ಕ್ರೆಡಿಟ್ ಪಾಠ ಮತ್ತು ಎಂಟು ಕ್ರೆಡಿಟ್ ಪ್ರಾಯೋಗಿಕ ಇರುವ ಸೆಮಿಸ್ಟರಿನಲ್ಲಿ ವಾರಕ್ಕೆ ಇಪ್ಪತ್ತೆಂಟು ಗಂಟೆ ತರಗತಿಯಲ್ಲೇ ಕಳೆಯುತ್ತದೆ. ರೆಕಾರ್ಡ್ ಬರೆಯುವುದೂ ಬಾಟಲಿ ತೊಳೆಯುವುದೂ ಇದರಾಚೆ. ಬೇರೆ ವಿಭಾಗದಿಂದ ಆರಿಸಬೇಕಾದ ಮುಕ್ತ ಐಚ್ಛಿಕವನ್ನು ಅಂಕ ಸುಲಭವೆಂಬ ಕಾರಣಕ್ಕೆ ಹಿಡಿಯದೆ, ನೀರಿನವರು ಭೂವಿಜ್ಞಾನವನ್ನೂ ನಕ್ಷೆಯವರು ಭೂಗೋಳವನ್ನೂ ನೋಡುವುದು ಲೇಸು. ನಿಮ್ಮಲ್ಲಿ ಇಲ್ಲದ ಪತ್ರಿಕೆಗೆ ‘ಸ್ವಯಂ’ ಎಂಬ ಸರಕಾರಿ ಆನ್‌ಲೈನ್ ಕಲಿಕಾ ಜಾಲತಾಣದ ಕೋರ್ಸ್ ತೆಗೆದುಕೊಳ್ಳಬಹುದು. ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಹೀಗೆ ಮಾಡಲು ಯುಜಿಸಿಯ 2021ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ನೋಂದಣಿಗೆ ಮೊದಲೇ ವಿಭಾಗದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದಿದ್ದರೆ, ಪ್ರಮಾಣಪತ್ರ ಕೈಗೆ ಬಂದರೂ ಕ್ರೆಡಿಟ್ ಬಾರದಿರಬಹುದು.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಗುರಿಯಾಗಿಟ್ಟುಕೊಳ್ಳುವುದು ವಿವೇಕ. ಅಧ್ಯಾಪಕರಾಗಬೇಕೆನ್ನುವವರಿಗೆ ಯುಜಿಸಿ ನೆಟ್‌ನ 89ನೆಯ ಸಂಕೇತದ ಪರಿಸರ ವಿಜ್ಞಾನವಿದೆ. ಅದು ವಿಸ್ತಾರವನ್ನು ಕೇಳುತ್ತದೆ. 2021ರಿಂದ ಗೇಟ್ ಪರೀಕ್ಷೆಯಲ್ಲಿರುವ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಗಣಿತವನ್ನೂ ನೀರು ಶುದ್ಧೀಕರಣದ ಲೆಕ್ಕಗಳನ್ನೂ ಕೇಳುತ್ತದೆ. ಎರಡಕ್ಕೂ ಒಂದೇ ತಯಾರಿ ಸಾಲದು.

ಕನ್ನಡ ಮಾಧ್ಯಮದಿಂದ ಬಂದವರು ತಮ್ಮ ಭಾಷೆಯನ್ನು ಹಾಸ್ಟೆಲಿನಲ್ಲೇ ಬಿಟ್ಟು ಕ್ಷೇತ್ರಕ್ಕೆ ಹೋಗಬೇಕಾಗಿಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಯೆಂದರೇನು, ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಯಾವಾಗ ಬಿತ್ತುತ್ತಾರೆ ಎಂಬುದನ್ನು ಅಲ್ಲಿಯವರ ಮಾತಿನಲ್ಲೇ ಬರೆದುಕೊಂಡವರಿಗೆ ಸಿಗುವ ವಿವರ ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ತಯಾರಿಸಿ ಒಯ್ದವರಿಗೆ ಸಿಗುವುದು ಕಷ್ಟ. ಟಿಪ್ಪಣಿ ಪುಸ್ತಕ ಕನ್ನಡದಲ್ಲಿರಲಿ, ಪ್ರಬಂಧ ಬೇಕಾದ ಭಾಷೆಯಲ್ಲಿರಲಿ.

ಕೊನೆಗೆ ಆ ದೊಡ್ಡ ಹಾಳೆಗೆ ಹಿಂತಿರುಗಿ ಎರಡು ಗೆರೆ ಎಳೆಯಿರಿ. ಒಂದು, ಪ್ರಬಂಧ ಸಲ್ಲಿಸುವ ದಿನಕ್ಕೆ ಆರು ವಾರ ಮೊದಲು. ಆ ಗೆರೆಯ ನಂತರ ಹೊಸ ಮಾದರಿ ತರುವಂತಿಲ್ಲ, ಬರವಣಿಗೆ ಮಾತ್ರ. ಇನ್ನೊಂದು, ಬೇರೆ ವಿಭಾಗದ ಅಥವಾ ಕೇಂದ್ರ ಪ್ರಯೋಗಾಲಯದ ಉಪಕರಣ ಬೇಕಾಗುವ ವಾರಕ್ಕೆ ಎರಡು ತಿಂಗಳು ಮೊದಲು. ಅಂದು ಅರ್ಜಿ ಹೋಗಿರಬೇಕು, ಶುಲ್ಕವೆಷ್ಟೆಂದು ತಿಳಿದಿರಬೇಕು. ಹಾಳೆಯ ಅಂಚಿನಲ್ಲಿ ಎರಡನೆಯ ಅಧ್ಯಯನ ಸ್ಥಳವೊಂದರ ಹೆಸರನ್ನೂ ಬರೆದಿಡಿ. ಸೇತುವೆ ಮುಳುಗಿದ ದಿನವೂ ಕೆರೆಗೆ ತಂತಿಬೇಲಿ ಬಿದ್ದ ದಿನವೂ ಹಾಸ್ಟೆಲಿನಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುವಂಥ ಜಾಗ ಅದಾಗಿರಲಿ.