ಡಿಪಿಎಫ್ ದೀಪ ಹತ್ತಿತೇ? ಹೊಸ ಸೆನ್ಸರ್ ಕೊಳ್ಳುವ ಮೊದಲು ಇಷ್ಟು ನೋಡಿ

ಡೀಸೆಲ್ ಪಿಕಪ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಸೋಸುವ ಫಿಲ್ಟರ್) ದೀಪ ಹತ್ತಿ, ಅದರ ಬೆನ್ನಿಗೇ ಇಂಜಿನ್ ದೀಪವೂ ಹತ್ತಿದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸ್ಕ್ಯಾನರ್ ಹಾಕುತ್ತಾರೆ. ಪರದೆಯಲ್ಲಿ ‘ಪ್ರೆಶರ್ ಸೆನ್ಸರ್’ ಎಂದು ಕಂಡ ಕೂಡಲೇ ಹೊಸದನ್ನು ತಂದು ಹಾಕುತ್ತಾರೆ. ಸ್ವಲ್ಪ ದಿನ ಸುಮ್ಮನಿದ್ದ ದೀಪ ಮತ್ತೆ ಹತ್ತುತ್ತದೆ. ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ನಲ್ಲಿ ಸೆನ್ಸರ್ ಹೆಸರಿದ್ದ ಮಾತ್ರಕ್ಕೆ ಕೆಟ್ಟಿರುವುದು ಅದೇ ಆಗಬೇಕಿಲ್ಲ, ಅಲ್ವಾ? ಸೆನ್ಸರ್‌ಗೆ ಹೋಗುವ ಪೈಪ್ ಕಟ್ಟಿರಬಹುದು. ವೈರ್ ಸವೆದಿರಬಹುದು. ಸೆನ್ಸರ್ ನಿಜವನ್ನೇ ಹೇಳುತ್ತಿದ್ದು, ಫಿಲ್ಟರ್ ಒಳಗೇ ತೊಂದರೆ ಇರಬಹುದು.

ಇದರಲ್ಲಿ ಯಾವುದು ಎಂದು ಪತ್ತೆ ಮಾಡುವುದಕ್ಕೆ ಬೇಕಾಗುವುದು ಲೈವ್ ಡೇಟಾ ತೋರಿಸುವ ಸ್ಕ್ಯಾನರ್, ಮಲ್ಟಿಮೀಟರ್, ಟಾರ್ಚ್ ಮತ್ತು ತೆಳುವಾದ ಗಟ್ಟಿ ತಂತಿ. ಗೇಜ್ ಇರುವ ಕೈಪಂಪ್ ಸಿಕ್ಕರೆ ಇನ್ನೂ ಒಳ್ಳೆಯದು. ಬರೀ ಕೋಡ್ ಓದುವ ಅಗ್ಗದ ರೀಡರ್ ಈ ಕೆಲಸಕ್ಕೆ ಸಾಲದು.

ಸೆನ್ಸರ್ ಅಳೆಯುವುದು ಏನನ್ನು?

ಡಿಪಿಎಫ್ ಎಂದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಾಲುವೆಗಳಿರುವ ಸೆರಾಮಿಕ್ ಗಟ್ಟಿ. ಒಂದು ಕಾಲುವೆಯ ಬಾಯಿ ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ್ದು ಆ ತುದಿಯಲ್ಲಿ ಮುಚ್ಚಿರುತ್ತದೆ. ಹಾಗಾಗಿ ಹೊಗೆ ನಡುವಿನ ಗೋಡೆಯನ್ನು ತೂರಿಕೊಂಡೇ ಹೋಗಬೇಕು. ಮಸಿ ಗೋಡೆಯ ಮೇಲೆ ಉಳಿಯುತ್ತದೆ. ಮಸಿ ಹೆಚ್ಚಾದಂತೆ ಹೊಗೆಗೆ ದಾರಿ ಕಷ್ಟವಾಗುತ್ತದೆ, ಫಿಲ್ಟರ್‌ನ ಮುಂದೆ ಒತ್ತಡ ಏರುತ್ತದೆ. ಫಿಲ್ಟರ್‌ನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸವನ್ನು ಅಳೆಯುವುದೇ ಡಿಫರೆನ್ಷಿಯಲ್ ಪ್ರೆಶರ್ ಸೆನ್ಸರ್. ಎಕ್ಸಾಸ್ಟ್‌ನಿಂದ ಎರಡು ಸಣ್ಣ ಪೈಪ್‌ಗಳು ಇದಕ್ಕೆ ಬರುತ್ತವೆ. ಕೆಲವು ಗಾಡಿಗಳಲ್ಲಿ ಒಂದೇ ಪೈಪ್ ಇರುತ್ತದೆ, ಇನ್ನೊಂದು ಬದಿ ಹೊರಗಿನ ಗಾಳಿಗೆ ತೆರೆದಿರುತ್ತದೆ.

ಮಸಿ ಜಾಸ್ತಿಯಾಯಿತು ಎಂದು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕ ಹಾಕಿದಾಗ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಫಿಲ್ಟರ್‌ನ ಬಿಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದೇ ರೀಜನರೇಶನ್. ಆ ಬಿಸಿಯನ್ನು ಕಾಯುವುದು ಎಕ್ಸಾಸ್ಟ್‌ನಲ್ಲಿ ಅಲ್ಲಲ್ಲಿ ಕೂರಿಸಿದ ಟೆಂಪರೇಚರ್ ಸೆನ್ಸರ್‌ಗಳು. ಒತ್ತಡದ ಸೆನ್ಸರ್ ಮತ್ತು ಬಿಸಿಯ ಸೆನ್ಸರ್ ಎರಡೂ ಸರಿಯಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ.

ಒಂದು ಎಚ್ಚರಿಕೆ. ರೀಜನರೇಶನ್ ಆಗುತ್ತಿದ್ದ ಗಾಡಿಯ ಎಕ್ಸಾಸ್ಟ್ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ತಣ್ಣಗಾಗುವವರೆಗೆ ಅಡಿಗೆ ಹೋಗಬೇಡಿ. ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ.

ಕೋಡ್ ಓದಿ, ಅಳಿಸಬೇಡಿ

ಮೊದಲು ಎಲ್ಲ ಕೋಡ್‌ಗಳನ್ನೂ ಫ್ರೀಜ್ ಫ್ರೇಮ್ ಸಮೇತ ಬರೆದುಕೊಳ್ಳಿ ಅಥವಾ ಫೋಟೊ ತೆಗೆಯಿರಿ. ಕೋಡ್ ಬಂದ ಕ್ಷಣದಲ್ಲಿ ಇಂಜಿನ್ ವೇಗ ಎಷ್ಟಿತ್ತು, ಕೂಲೆಂಟ್ ಎಷ್ಟು ಬಿಸಿಯಿತ್ತು, ಗಾಡಿ ಓಡುತ್ತಿತ್ತೋ ನಿಂತಿತ್ತೋ ಎಂಬುದು ಅದರಲ್ಲಿ ಸಿಗುತ್ತದೆ. ಅಳಿಸಿದರೆ ಅದೆಲ್ಲ ಹೋಯಿತು.

ಪಿ2452ರಿಂದ ಪಿ2456ರವರೆಗಿನವು ಪ್ರೆಶರ್ ಸೆನ್ಸರ್‌ನ ಕೋಡ್‌ಗಳು. ಪಿ2454 ಅಂದರೆ ಸಿಗ್ನಲ್ ತೀರ ಕಡಿಮೆ, ಪಿ2455 ಅಂದರೆ ತೀರ ಹೆಚ್ಚು. ಇವೆರಡು ಬಂದರೆ ಮೊದಲು ವೈರಿಂಗ್ ಕಡೆ ನೋಡಿ. ಪಿ2453 ಬೇರೆ ತರಹದ್ದು: ಸಿಗ್ನಲ್ ಬರುತ್ತಿದೆ, ಆದರೆ ಇಸಿಯುಗೆ ಅದರ ಮೇಲೆ ನಂಬಿಕೆಯಿಲ್ಲ. ಇಲ್ಲಿ ಪೈಪ್‌ನ ಮೇಲೆ ಅನುಮಾನ ಹೆಚ್ಚು. ಪಿ2456 ಬಿಟ್ಟು ಬಿಟ್ಟು ಬರುವ ದೋಷ. ಪಿ2002 ಮತ್ತು ಪಿ2463 ಸೆನ್ಸರ್‌ನ ಕೋಡ್‌ಗಳೇ ಅಲ್ಲ. ಮೊದಲನೆಯದು ಫಿಲ್ಟರ್ ಸರಿಯಾಗಿ ಸೋಸುತ್ತಿಲ್ಲ ಎನ್ನುತ್ತದೆ, ಎರಡನೆಯದು ಮಸಿ ತುಂಬಿದೆ ಎನ್ನುತ್ತದೆ. ಆದರೆ ಪೈಪ್ ಕೆಟ್ಟರೂ ಇವೆರಡು ಬರಬಹುದು. ಅದು ಹೇಗೆಂದು ಮುಂದೆ ನೋಡೋಣ.

ಪಿ0544, ಪಿ2031, ಪಿ242ಎ ಮುಂತಾದ ಟೆಂಪರೇಚರ್ ಸೆನ್ಸರ್ ಕೋಡ್ ಏನಾದರೂ ಜೊತೆಗಿದ್ದರೆ ಮೊದಲು ಅದನ್ನೇ ಸರಿಪಡಿಸಿ. ಬಿಸಿ ಎಷ್ಟಿದೆ ಎಂದು ಗೊತ್ತಾಗದಿದ್ದರೆ ಇಸಿಯು ರೀಜನರೇಶನ್ ಶುರು ಮಾಡುವುದೇ ಇಲ್ಲ. ಮಸಿ ತುಂಬುತ್ತದೆ, ಒತ್ತಡ ಏರುತ್ತದೆ, ಆಮೇಲೆ ಒತ್ತಡದ ಕೋಡ್ ಬರುತ್ತದೆ. ಕೊನೆಗೆ ಬಂದ ಕೋಡ್‌ನ ಹಿಂದೆ ಓಡಿದರೆ ಮೂಲ ಸಿಗುವುದಿಲ್ಲ.

ಸೊನ್ನೆ ಬರುತ್ತದಾ?

ಇಡೀ ಪರೀಕ್ಷೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವ ಹಂತ ಇದು. ಸ್ಪ್ಯಾನರ್ ಮುಟ್ಟಬೇಕಿಲ್ಲ, ಒಂದು ನಿಮಿಷವೂ ಹಿಡಿಯುವುದಿಲ್ಲ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಕ್ಯಾನರ್‌ನಲ್ಲಿ ಡಿಪಿಎಫ್ ಡಿಫರೆನ್ಷಿಯಲ್ ಪ್ರೆಶರ್ ನೋಡಿ. ಇಂಜಿನ್ ನಿಂತಿದೆ, ಹೊಗೆ ಹರಿಯುತ್ತಿಲ್ಲ, ಎರಡೂ ಕಡೆ ಒತ್ತಡ ಒಂದೇ. ಹಾಗಾಗಿ ಸಂಖ್ಯೆ ಸೊನ್ನೆ ಅಥವಾ ಸೊನ್ನೆಯ ಪಕ್ಕದಲ್ಲೇ ಇರಬೇಕು.

ಅಲ್ಲಿ 2 ಕಿಲೋಪ್ಯಾಸ್ಕಲ್ ಎಂದು ತೋರಿಸಿದರೆ? ಕೇಳಲು ಸಣ್ಣ ಸಂಖ್ಯೆ. ಆದರೆ ಚೊಕ್ಕ ಫಿಲ್ಟರ್ ಇರುವ ಹೆಚ್ಚಿನ ಪಿಕಪ್‌ಗಳಲ್ಲಿ ಐಡಲ್‌ನಲ್ಲಿ ಇರುವ ನಿಜವಾದ ಒತ್ತಡವೇ ಸುಮಾರು 1 ಕಿಲೋಪ್ಯಾಸ್ಕಲ್ ಅಥವಾ ಅದಕ್ಕಿಂತ ಕಡಿಮೆ. ಅಂದರೆ ಸೆನ್ಸರ್‌ನ ತಪ್ಪೇ ನಿಜದ ಎರಡು ಪಟ್ಟು. ಇಂಥ ಸೆನ್ಸರ್ ಖಾಲಿ ಫಿಲ್ಟರನ್ನೂ ತುಂಬಿದ ಫಿಲ್ಟರ್ ಎಂದು ತೋರಿಸುತ್ತದೆ, ಇಸಿಯು ಬೇಕಿಲ್ಲದಿದ್ದರೂ ಮತ್ತೆ ಮತ್ತೆ ಡೀಸೆಲ್ ಸುಡುತ್ತದೆ. ಕೆಲವು ಸ್ಕ್ಯಾನರ್ ಮಿಲಿಬಾರ್‌ನಲ್ಲಿ ತೋರಿಸುತ್ತವೆ. 1 ಕಿಲೋಪ್ಯಾಸ್ಕಲ್ ಅಂದರೆ 10 ಮಿಲಿಬಾರ್.

ಸೊನ್ನೆ ಬರದಿದ್ದರೆ ಕೂಡಲೇ ಸೆನ್ಸರ್ ಕೆಟ್ಟಿದೆ ಅನ್ನಬೇಡಿ. ಎರಡೂ ಪೈಪ್‌ಗಳನ್ನು ಸೆನ್ಸರ್ ಕಡೆಯಿಂದ ಬಿಚ್ಚಿ ಮತ್ತೆ ನೋಡಿ. ಈಗ ಸೊನ್ನೆಗೆ ಬಂತಾ? ಹಾಗಾದರೆ ಪೈಪ್‌ನೊಳಗೆ ನೀರೋ ಮಸಿಯೋ ಕಟ್ಟಿ ಒತ್ತಡವನ್ನು ಹಿಡಿದಿಟ್ಟಿದೆ. ಬಿಚ್ಚಿದ ಮೇಲೂ ಸಂಖ್ಯೆ ಅಲ್ಲಾಡಲಿಲ್ಲವಾ? ಆಗ ಸೆನ್ಸರ್ ಅಥವಾ ವೈರಿಂಗ್.

ಪೈಪ್‌ಗಳು

ನಿಧಾನವಾಗಿ ಮಾಡಬೇಕಾದ ಕೆಲಸ ಇದೇ. ಸೆನ್ಸರ್‌ನಿಂದ ಎಕ್ಸಾಸ್ಟ್‌ವರೆಗೆ ಎರಡೂ ಪೈಪ್‌ಗಳನ್ನು ಬೆರಳಿನಿಂದ ತಡವಿಕೊಂಡು ಹೋಗಿ. ರಬ್ಬರ್ ಭಾಗ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ, ಮೆತ್ತಗಾಗಿ ಒಳಕ್ಕೆ ಕುಸಿದಿದೆಯೇ, ಎಕ್ಸಾಸ್ಟ್‌ಗೆ ತಾಗಿ ಕರಗಿದೆಯೇ ನೋಡಿ. ಮೇಲ್ಭಾಗ ಚೆನ್ನಾಗಿ ಕಂಡರೂ ನಂಬಬೇಡಿ, ಬಿರುಕು ಇರುವುದು ಹೆಚ್ಚಾಗಿ ಬೆಂಡ್‌ನ ಅಡಿಯಲ್ಲಿ. ಸೋರುವ ಜಾಗದ ಸುತ್ತ ಹೆಚ್ಚಾಗಿ ಕಪ್ಪು ಪುಡಿಯ ಗೆರೆ ಇರುತ್ತದೆ. ಟಾರ್ಚ್ ಬಿಟ್ಟರೆ ಕಾಣುತ್ತದೆ.

ರಬ್ಬರ್ ಬಿಚ್ಚಿದ ಮೇಲೆ ಎಕ್ಸಾಸ್ಟ್‌ಗೆ ಹೋಗುವ ಕಬ್ಬಿಣದ ಕೊಳವೆಯ ಬಾಯಿ ನೋಡಿ. ಕಟ್ಟಿಕೊಂಡಿದ್ದರೆ ಅಲ್ಲಿ ಒಣಗಿದ ಟಾರಿನಂತೆ ಕಪ್ಪು ಹೆಪ್ಪು ಇರುತ್ತದೆ, ನಡುವೆ ಸೂಜಿ ತೂರುವಷ್ಟೇ ಕಿಂಡಿ. ತಂತಿಯನ್ನು ತಿರುಗಿಸುತ್ತಾ ಒಳಕ್ಕೆ ಬಿಡಿ. ಹೆಪ್ಪು ಚೂರು ಚೂರಾಗಿ ಬರುತ್ತದೆ. ತಂತಿ ಸಲೀಸಾಗಿ ಎಕ್ಸಾಸ್ಟ್‌ವರೆಗೂ ಹೋಗಬೇಕು. ಕಂಪ್ರೆಸರ್ ಗಾಳಿ ಊದುವುದಾದರೆ ಪೈಪ್ ಸೆನ್ಸರ್‌ನಿಂದ ಬಿಚ್ಚಿರಲೇಬೇಕು. ಸೆನ್ಸರ್ ಒಳಗಿನ ತೆಳು ಪೊರೆ ಹತ್ತಾರು ಕಿಲೋಪ್ಯಾಸ್ಕಲ್‌ಗೆಂದು ಮಾಡಿದ್ದು. ಕಂಪ್ರೆಸರ್‌ನ ಒತ್ತಡ ಅದರ ಎಷ್ಟೋ ಪಟ್ಟು. ಚೆನ್ನಾಗಿದ್ದ ಸೆನ್ಸರ್ ಒಂದೇ ಊದಿಗೆ ಹೋಗುತ್ತದೆ.

ಯಾವ ಪೈಪ್ ಕೆಟ್ಟರೆ ಏನಾಗುತ್ತದೆ ಎಂದು ತಿಳಿದುಕೊಂಡರೆ ಕೋಡ್‌ಗಳ ಗೋಜಲು ಬಿಡಿಸಿಕೊಳ್ಳುತ್ತದೆ. ಫಿಲ್ಟರ್‌ನ ಮುಂದಿನ ಪೈಪ್ ಸೋರಿದರೆ ಅಥವಾ ಕಟ್ಟಿದರೆ ಸೆನ್ಸರ್‌ಗೆ ಒತ್ತಡ ತಲುಪುವುದಿಲ್ಲ. ವ್ಯತ್ಯಾಸವೇ ಇಲ್ಲವಲ್ಲ, ಫಿಲ್ಟರ್ ಒಡೆದಿದೆ ಅಥವಾ ಯಾರೋ ತೆಗೆದಿದ್ದಾರೆ ಎಂದುಕೊಳ್ಳುತ್ತದೆ ಇಸಿಯು. ಪಿ2002 ಬರುವುದು ಹೀಗೆ. ಹಿಂದಿನ ಪೈಪ್ ಬಿಚ್ಚಿಕೊಂಡರೆ ಅಥವಾ ಕಟ್ಟಿದರೆ ವ್ಯತ್ಯಾಸ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಮಸಿ ತುಂಬಿದೆ ಎಂಬ ಕೋಡ್ ಬರುತ್ತದೆ. ಎರಡನ್ನೂ ಅದಲು ಬದಲು ಹಾಕಿದ್ದರೆ ಇಂಜಿನ್ ವೇಗ ಹೆಚ್ಚಿಸಿದಂತೆ ಸಂಖ್ಯೆ ಮೈನಸ್ ಕಡೆಗೆ ಹೋಗುತ್ತದೆ. ಹಿಂದೆ ಯಾರಾದರೂ ಗೇರ್‌ಬಾಕ್ಸ್ ಅಥವಾ ಎಕ್ಸಾಸ್ಟ್ ಕೆಲಸ ಮಾಡಿದ್ದರೆ ಇದನ್ನು ಮರೆಯಬೇಡಿ. ಬಿಚ್ಚುವ ಮೊದಲು ಒಂದಕ್ಕೆ ಟೇಪ್ ಸುತ್ತಿ ಗುರುತು ಮಾಡಿ.

ಮತ್ತೆ ಕೂರಿಸುವಾಗ ಪೈಪ್ ಸೆನ್ಸರ್‌ನಿಂದ ಎಕ್ಸಾಸ್ಟ್ ಕಡೆಗೆ ಇಳಿಜಾರಾಗಿಯೇ ಇರಬೇಕು. ನಡುವೆ ಜೋತುಬಿದ್ದರೆ ಹೊಗೆಯಲ್ಲಿನ ನೀರಾವಿ ಅಲ್ಲಿ ನೀರಾಗಿ ನಿಲ್ಲುತ್ತದೆ. ಚಳಿಯಲ್ಲಿ ಹೆಪ್ಪುಗಟ್ಟಿದರಂತೂ ಬೆಳಗ್ಗೆ ಮಾತ್ರ ಬಂದು ಮಧ್ಯಾಹ್ನ ಮಾಯವಾಗುವ ಕೋಡ್ ಸಿಗುತ್ತದೆ. ಇಂಥದ್ದನ್ನು ಹುಡುಕುವುದು ತಲೆನೋವಿನ ಕೆಲಸ.

ವೈರಿಂಗ್ ಮತ್ತು ವೋಲ್ಟೇಜ್

ಕನೆಕ್ಟರ್ ಬಿಚ್ಚಿ ಪಿನ್ ನೋಡಿ. ಹಸಿರು ಕಿಲುಬು, ನೀರು, ಹಿಂದಕ್ಕೆ ಸರಿದ ಪಿನ್, ಯಾವುದಿದ್ದರೂ ಅಲ್ಲೇ ನಿಲ್ಲಿ. ಸಾಮಾನ್ಯವಾಗಿ ಮೂರು ವೈರ್ ಇರುತ್ತವೆ: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಯಾವುದು ಯಾವುದೆಂದು ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ ನೋಡಿ, ಬಣ್ಣ ನೋಡಿ ಊಹಿಸಬೇಡಿ.

ಕೀ ಆನ್ ಇದ್ದಾಗ ಮೊದಲನೆಯದರಲ್ಲಿ 5 ವೋಲ್ಟ್ ಹತ್ತಿರ ಬರಬೇಕು. ಬರದಿದ್ದರೆ ಗಾಬರಿ ಬೇಡ, ಆ 5 ವೋಲ್ಟನ್ನು ಎಷ್ಟೋ ಗಾಡಿಗಳಲ್ಲಿ ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಎಲ್ಲವೂ ಮಲಗುತ್ತವೆ. ಒಂದೊಂದಾಗಿ ಕನೆಕ್ಟರ್ ಬಿಚ್ಚುತ್ತಾ ಹೋಗಿ, 5 ವೋಲ್ಟ್ ಮರಳಿದಾಗ ಕಳ್ಳ ಸಿಕ್ಕಿದ. ಗ್ರೌಂಡ್ ಪರೀಕ್ಷೆಗೆ ಕನೆಕ್ಟರ್ ಸಿಕ್ಕಿಸಿ ಹಿಂದಿನಿಂದ ಪ್ರೋಬ್ ಇಡಿ. ಗ್ರೌಂಡ್ ವೈರ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ 0.1 ವೋಲ್ಟ್‌ಗಿಂತ ಜಾಸ್ತಿ ಇರಬಾರದು. ಸಿಗ್ನಲ್ ವೈರ್‌ನಲ್ಲಿ, ಇಂಜಿನ್ ನಿಂತಿದ್ದಾಗ, ಬಹಳಷ್ಟು ಸೆನ್ಸರ್‌ಗಳು 0.5ರಿಂದ 1 ವೋಲ್ಟ್ ಕೊಡುತ್ತವೆ. ಒತ್ತಡ ಏರಿದಂತೆ 4.5 ವೋಲ್ಟ್ ಕಡೆಗೆ ಹೋಗುತ್ತದೆ. ಸಿಗ್ನಲ್ 0 ವೋಲ್ಟ್‌ನಲ್ಲೋ 5 ವೋಲ್ಟ್‌ನಲ್ಲೋ ಅಂಟಿಕೊಂಡಿದ್ದರೆ ಅದು ಒತ್ತಡದ ಮಾತೇ ಅಲ್ಲ, ವೈರ್‌ನಲ್ಲೋ ಸೆನ್ಸರ್‌ನೊಳಗೋ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ಕನೆಕ್ಟರ್ ಬಿಚ್ಚಿದರೂ ಸ್ಕ್ಯಾನರ್‌ನ ಸಂಖ್ಯೆ ಕದಲದಿದ್ದರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ. ದೋಷ ಇಸಿಯುವರೆಗಿನ ವೈರ್‌ನಲ್ಲಿದೆ.

ಕೈಪಂಪ್ ಇದ್ದರೆ ಸೆನ್ಸರ್‌ನಲ್ಲಿ ಫಿಲ್ಟರ್‌ನ ಮುಂದಿನ ಪೈಪ್ ಕೂರುವ ಬಾಯಿಗೆ 10 ಕಿಲೋಪ್ಯಾಸ್ಕಲ್ ಕೊಡಿ. ಸ್ಕ್ಯಾನರ್‌ನಲ್ಲೂ ಅಷ್ಟೇ ಬರಬೇಕು, ಬಿಟ್ಟ ಕೂಡಲೇ ಸೊನ್ನೆಗೆ ಇಳಿಯಬೇಕು. ಇದರಲ್ಲಿ ಪಾಸಾದ ಸೆನ್ಸರ್ ಮೇಲೆ ಮತ್ತೆ ಅನುಮಾನ ಪಡಬೇಡಿ.

ಇಂಜಿನ್ ಓಡಿಸಿ ನೋಡಿ

ಇಂಜಿನ್ ಬಿಸಿಯಾಗಲಿ, ಗಾಡಿ ಬಯಲಲ್ಲಿರಲಿ. ಐಡಲ್‌ನಿಂದ ನಿಧಾನವಾಗಿ 2500 ಆರ್‌ಪಿಎಂಗೆ ಏರಿಸಿ. ಸಂಖ್ಯೆ ಜೊತೆಜೊತೆಗೇ ಏರಬೇಕು, ಬಿಟ್ಟಾಗ ಜೊತೆಗೇ ಇಳಿಯಬೇಕು. ತಡವಾಗಿ ಇಳಿದರೆ ಪೈಪ್ ಅರ್ಧ ಕಟ್ಟಿದೆ. ಸ್ವಲ್ಪವೂ ಏರದಿದ್ದರೆ ಮುಂದಿನ ಪೈಪ್ ಅಥವಾ ಒಡೆದ ಫಿಲ್ಟರ್. ಸೈಲೆನ್ಸರ್ ತುದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಫಿಲ್ಟರ್ ಸರಿಯಿರುವ ಗಾಡಿಯಲ್ಲಿ ಬಟ್ಟೆ ಹೆಚ್ಚು ಕಪ್ಪಾಗುವುದಿಲ್ಲ. ದಟ್ಟ ಮಸಿ ಅಂಟಿದರೆ ಫಿಲ್ಟರ್ ನಿಜವಾಗಿಯೂ ಒಡೆದಿದೆ.

ಎಲ್ಲ ಸರಿಯಿದ್ದು ಒತ್ತಡ ಮಾತ್ರ ಜಾಸ್ತಿ ಇದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಮಸಿಯಾದರೆ ರೀಜನರೇಶನ್‌ನಲ್ಲಿ ಸುಡುತ್ತದೆ. ಇಂಜಿನ್ ಆಯಿಲ್ ಸುಟ್ಟು ಉಳಿದ ಬೂದಿಯಾದರೆ ಸುಡುವುದಿಲ್ಲ, ಫಿಲ್ಟರ್ ಬಿಚ್ಚಿ ತೊಳೆಸಬೇಕು ಅಥವಾ ಬದಲಿಸಬೇಕು. ಫಿಲ್ಟರನ್ನೇ ಕಿತ್ತುಹಾಕಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಹೊಗೆ ಕುಡಿಯುವವರಿಗಂತೂ ಕೆಟ್ಟದ್ದೇ.

ಟೆಂಪರೇಚರ್ ಸೆನ್ಸರ್‌ಗಳು

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಗ್ಗೆ ಕೀ ಆನ್ ಮಾಡಿ. ಎಲ್ಲ ಟೆಂಪರೇಚರ್ ಸೆನ್ಸರ್‌ಗಳೂ ಹೊರಗಿನ ಗಾಳಿಯ ಹತ್ತಿರದ ಸಂಖ್ಯೆಯನ್ನೇ ತೋರಿಸಬೇಕು. ಮೂರು 22, 23, 22 ಎಂದು ತೋರಿಸಿ ನಾಲ್ಕನೆಯದು 70 ಎಂದರೆ ಅದೇ ತಪ್ಪಿತಸ್ಥ. ತಣ್ಣಗಿನ ಗಾಡಿಯಲ್ಲಿ 1000 ಡಿಗ್ರಿ ಅಥವಾ ಮೈನಸ್ 40 ಕಂಡರೆ ವೈರ್ ತುಂಡು ಅಥವಾ ಶಾರ್ಟ್. ಪ್ಲಾಟಿನಂ ಪಿಟಿ200 ಬಗೆಯದಾದರೆ 25 ಡಿಗ್ರಿಯಲ್ಲಿ ಸುಮಾರು 220 ಓಮ್ ಬರಬೇಕು. ಬೇರೆ ಬಗೆಯವೂ ಇವೆ, ಮ್ಯಾನುಯಲ್ ನೋಡಿಯೇ ಅಳೆಯಿರಿ.

ಬಿಚ್ಚುವಾಗ ಅವಸರ ಬೇಡ. ಥ್ರೆಡ್ ತುಕ್ಕು ಹಿಡಿದು ಕಚ್ಚಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡಿ, ವೈರ್ ಸುತ್ತಿಕೊಳ್ಳದಂತೆ ಸೀಳಿರುವ ಸಾಕೆಟ್ ಬಳಸಿ.

ಬದಲಿಸಿದ ಮೇಲೆ

ಹೊಸ ಪ್ರೆಶರ್ ಸೆನ್ಸರ್ ಹಾಕಿದರೆ ಹಳೆಯದರ ಕಲಿತ ಲೆಕ್ಕವನ್ನು ಸ್ಕ್ಯಾನರ್‌ನಿಂದ ರೀಸೆಟ್ ಮಾಡಬೇಕಾಗಬಹುದು. ಮೆನುವಿನಲ್ಲಿ ಅದರ ಪಕ್ಕದಲ್ಲೇ ‘ಫಿಲ್ಟರ್ ಬದಲಿಸಲಾಗಿದೆ’ ಎಂಬ ಆಯ್ಕೆಯೂ ಇರುತ್ತದೆ. ಹಳೆಯ ಫಿಲ್ಟರ್ ಇಟ್ಟುಕೊಂಡು ಅದನ್ನು ಒತ್ತಲೇಬೇಡಿ. ಫಿಲ್ಟರ್ ಖಾಲಿ ಎಂದುಕೊಂಡ ಇಸಿಯು ರೀಜನರೇಶನ್ ಮುಂದೂಡುತ್ತದೆ. ಮಸಿ ಮಿತಿಮೀರಿ ತುಂಬಿ, ಒಂದು ದಿನ ಒಟ್ಟಿಗೇ ಹೊತ್ತಿಕೊಂಡರೆ ಸೆರಾಮಿಕ್ ಬಿರುಕು ಬಿಡುತ್ತದೆ, ಕರಗಲೂಬಹುದು.

ಸರಿಯಾದ ಮೇಲೆ ರೀಜನರೇಶನ್ ಒಮ್ಮೆ ಪೂರ್ತಿ ಆಗಲು ಬಿಡಿ. ಟ್ಯಾಂಕಿನಲ್ಲಿ ಡೀಸೆಲ್ ಕಾಲು ಭಾಗಕ್ಕಿಂತ ಹೆಚ್ಚಿರಲಿ, ಕಡಿಮೆಯಿದ್ದರೆ ಎಷ್ಟೋ ಗಾಡಿಗಳು ಶುರುವೇ ಮಾಡುವುದಿಲ್ಲ. ಮತ್ತೆ ಮಸಿ ಬೇಗ ತುಂಬಿದರೆ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ವಾಲ್ವ್), ಟರ್ಬೊ ಪೈಪ್‌ಗಳ ಸೋರಿಕೆ ನೋಡಿ.

ಕೊನೆಗೆ ಡಿಪ್‌ಸ್ಟಿಕ್ ತೆಗೆದು ನೋಡಿ. ಅರ್ಧಕ್ಕೆ ನಿಂತ ರೀಜನರೇಶನ್‌ಗಳ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರಿರುತ್ತದೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಹಳೆಯ ಆಯಿಲ್ ತೆಗೆಸಿ, ಡಿಪಿಎಫ್‌ಗೆ ಹೊಂದುವ ಕಡಿಮೆ ಬೂದಿಯ ಆಯಿಲ್ ಹಾಕಿಸಿಯೇ ಗಾಡಿ ರಸ್ತೆಗಿಳಿಸಿ.